ಕಾಕೂ ಫ್ರೀಜರಿನ ನಾನಖಟಾಯಿ

ತಣ್ಣನೆಯ ತುಪ್ಪದಲ್ಲಿ ಏಲಕ್ಕಿಯ ವಾಸನೆ ಬಂದರೆ ನನಗೆ ಈಗಲೂ ಪುಣೆಯ ನಮ್ಮ ಸಾಲುಮನೆಗಳ ಚಾಳು, ಎದುರುಮನೆಯ ಮರಾಠಿ ಕಾಕೂ ನೆನಪಾಗುತ್ತಾರೆ.

ನಮ್ಮಲ್ಲಿ ಫ್ರಿಜ್ ಇರಲಿಲ್ಲ. ಅವ್ವ ನಾನಖಟಾಯಿ ಬಿಸ್ಕತ್ತಿನ ಹಿಟ್ಟು ನಾದಿ, ಉಂಡೆ ಕಟ್ಟಿ, ಸ್ಟೀಲಿನ ಡಬ್ಬಿಗೆ ತುಂಬಿ ಕಾಕೂ ಫ್ರೀಜರಿನಲ್ಲಿ ಇಟ್ಟಿದ್ದಳು. ವಿಜಾಪುರದಿಂದ ತನ್ನಣ್ಣ ಬಂದ ದಿನ ಬಿಸಿಬಿಸಿ ಬೇಯಿಸಿಕೊಡುವ ಆಸೆ ಅವಳಿಗೆ.

ಅವತ್ತು ಮಧ್ಯಾಹ್ನ ಮಾವ ಶಿವಾಜಿನಗರದಲ್ಲಿ ಬಸ್ಸಿಳಿದು ನಮ್ಮ ಚಾಳಿನ ಕೆಳಗಿನ ಅಂಗಡಿಗೆ ಫೋನ್ ಮಾಡಿದ. ಅವ್ವ ನಾನಖಟಾಯಿ ಬೇಯಿಸಲು ಕುಕ್ಕರಿನಲ್ಲಿ ಉಪ್ಪು ಕಾಯಲಿಟ್ಟು, "ಓಡೋ, ಡಬ್ಬಿ ತಗೊಂಬಾ!" ಎಂದಳು.

ನನ್ನ ಕಾಲೇ ಏಳಲಿಲ್ಲ. ಹಿಂದಿನ ದಿನವಷ್ಟೇ ಗೆಳೆಯರ ಮುಂದೆ ಸೊಂಟಕ್ಕೆ ಕೈಯಿಟ್ಟು, ಮೂಗಿನಿಂದ ಕೂಗಿ, ಕಾಕೂ ತರಕಾರಿಯವನನ್ನು ಬೈಯುವುದನ್ನು ಮಾಡಿ ತೋರಿಸಿದ್ದೆ. ತಿರುಗಿದರೆ ಕಾಕೂ ಹಿಂದೆಯೇ ನಿಂತಿದ್ದರು.

"ಕಾಕೂ... ಅವ್ವ... ಡಬ್ಬಿ ಕೊಡಬೇಕಂತ್ರಿ," ಎಂದೆ ಬಾಗಿಲಲ್ಲಿ ನಿಂತು.

ಕಾಕೂ ಫ್ರೀಜರಿನಿಂದ ಡಬ್ಬಿ ತೆಗೆದು ಎದೆಗೆ ಅವಚಿಕೊಂಡು, ಅವ್ವನಿಂದ ಕಲಿತ ಕನ್ನಡಕ್ಕೆ ಮರಾಠಿ ಬೆರೆಸಿ, "ಕಾಯ್ ರೇ, ಏನೋ, ನಿನ್ನೆ ಮಾಡಿದ್ದು ಇವತ್ತ ಮಾಡು. ಆಮ್ಯಾಲ ಡಬ್ಬಿ," ಎಂದರು.

ಬೆವರುತ್ತಲೇ ಮಾಡಿದೆ. ಕಾಕೂ ನಗಲಿಲ್ಲ. "ಸೊಂಟದ ಮ್ಯಾಲ ಎಡಗೈ ಇರಬೇಕು. ಬಲಗೈ ಬೈಲಿಕ್ಕೆ ಬೇಕಲ್ಲ?" ಎಂದು ತಿದ್ದಿದರು. ಆಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟು, ಕುತ್ತಿಗೆ ಒಳಗೆಳೆದುಕೊಂಡು, ಹೆಬ್ಬೆರಳಿಂದ ನೆಲ ಕೆರೆಯುತ್ತ, "ಕಾಕೂ... ಅವ್ವ... ಡಬ್ಬಿ..." ಎಂದು ತೊದಲಿದರು.

ಥೇಟ್ ನಾನೇ! ಒಳಗಿದ್ದ ಅವರ ಗಂಡ, ಕಾಕಾ, ಚಪ್ಪಾಳೆ ತಟ್ಟಿದರು.

ಮಾವನಿಗೆ ನಾನಖಟಾಯಿ ಸಿಕ್ಕಿತು. ಚಾಳಿನ ನಕಲುಗಾರರಲ್ಲಿ ನನಗೆ ಎರಡನೆಯ ಸ್ಥಾನ ಸಿಕ್ಕಿತು.