ಮಾಳಿಂಗನ ಮಾತು

"ಅವರ ಮಾತು ಇದ್ದದ್ದು ಓದ್ರಿ, ಅಕ್ಕಾ," ಎಂದಳು ಕಸ್ತೂರಿ.

ತನ್ನ ಮೊದಲ ಕಾದಂಬರಿ ಅಚ್ಚಾಗಿ ಬಂದ ಕೂಡಲೇ ರಾಜೇಶ್ರೀ ಅದನ್ನು ಕಲಬುರಗಿಯಿಂದ ಕಮಲಾಪುರಕ್ಕೆ ತಂದಿದ್ದಳು, ತಮ್ಮನ ಹೆಂಡತಿ, ಓದು ಬಾರದ ಕಸ್ತೂರಿಗೆ ಓದಿ ಹೇಳಲೆಂದು. ಹೋದ ವರ್ಷ ತೀರಿಕೊಂಡ ತಮ್ಮ ಮಾಳಿಂಗನ ಕಥೆಯೇ ಅದು. ಮೊದಲು ಅವನ ಮಾತನ್ನೆಲ್ಲ ಅವನು ಆಡಿದಂತೆಯೇ ಬರೆದಿದ್ದಳು. ಈ ಭಾಷೆ ಮೈಸೂರು ಕಡೆಯವರಿಗೆ ತಿಳಿಯುವುದಿಲ್ಲ, ತಿದ್ದಿಕೊಟ್ಟರೆ ಅಚ್ಚು ಹಾಕುತ್ತೇವೆ ಎಂದರು ಪ್ರಕಾಶಕರು. ಪುಸ್ತಕ ಬಂದರೆ ಸಾಕೆಂದು ಅವಳೇ ಕೂತು ಒಂದೊಂದು ಮಾತನ್ನೂ ತಿದ್ದಿದ್ದಳು.

ಮದುವೆಯಾದ ಹೊಸದರಲ್ಲಿ ಮಾಳಿಂಗ ತೋಟದ ಮೊದಲ ಕೆಂಪು ಬಾಳೆಹಣ್ಣನ್ನು ಹೆಂಡತಿಗೆ ಸುಲಿದು ಕೊಡುವ ಪುಟವನ್ನು ರಾಜೇಶ್ರೀ ತೆಗೆದಳು. "ನಿನಗಾಗಿಯೇ ಇದನ್ನು ಮುಚ್ಚಿಟ್ಟಿದ್ದೆ. ಯಾರಿಗೂ ಹೇಳಬೇಡ, ಬೇಗ ತಿನ್ನು," ಎಂದು ಓದಿ ತಲೆ ಎತ್ತಿದಳು.

ಕಸ್ತೂರಿ ಸೆರಗನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡು ಇನ್ನೂ ಕಾಯುತ್ತಿದ್ದಳು.

"ಅವರು ಮಾತಾಡೂದು ಯಾವಾಗ ಬರ್ತದ್ರಿ, ಅಕ್ಕಾ?"

ಈಗ ಓದಿದ್ದು ಅವನದೇ ಮಾತು ಎನ್ನಲು ರಾಜೇಶ್ರೀಗೆ ಬಾಯಿ ಬರಲಿಲ್ಲ.

"ಇನ್ನೂ ಮುಂದ ಅದವ್ವಾ," ಎಂದು ಪುಟ ತಿರುವಿದಳು.