ನಾನು ಕಲಿಸಿದ ಮಾತು

ಹಾಲಿನ ಪುಡಿಯ ವಾಸನೆ ಬಂದರೆ ಈಗಲೂ ಲೂಸಿಬಾಯಿ ನೆನಪಾಗುತ್ತಾರೆ. ಬೆಳ್ತಂಗಡಿಯ ನಮ್ಮ ಇಗರ್ಜಿ ಶಾಲೆಯಲ್ಲಿ ಮಕ್ಕಳಿಗೆ ಹಾಲು ಕಾಯಿಸಿ ಕೊಡುತ್ತಿದ್ದ ಅಜ್ಜಿ ಅವರು. ಒಮ್ಮೆ ಮಿಶನ್ ಸೇವೆಗೆಂದು ವಿದೇಶದಿಂದ ಬಂದ ಯುವತಿಯೊಬ್ಬಳು ಎರಡು ವಾರ ನಮಗೆ ಹಾಡು, ಆಟ ಕಲಿಸಿದಳು. ಮಾಸ್ತರರ ಮಗಳಾದ ನನಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಹೊರಡುವ ಮಧ್ಯಾಹ್ನ ಅವಳು, ಲೂಸಿಬಾಯಿಗೆ ಕನ್ನಡದಲ್ಲಿ ಧನ್ಯವಾದ ಹೇಳುವುದು ಹೇಗೆಂದು ನನ್ನನ್ನು ಕೇಳಿದಳು.

"ಹೋಗು ಮುದುಕಿ" ಎಂದು ಹೇಳಿಕೊಟ್ಟೆ.

ಅವಳು ಅಜ್ಜಿಯ ಒರಟು ಕೈಗಳನ್ನು ಹಿಡಿದು, ಕಣ್ಣು ತುಂಬಿಕೊಂಡು, ಅದನ್ನೇ ಹೇಳಿದಳು. ಮಕ್ಕಳೆಲ್ಲ ನಕ್ಕರು. ಲೂಸಿಬಾಯಿ ಅವಳ ತಲೆ ಸವರಿದರು. ಆಮೇಲೆ ನನ್ನನ್ನು ಬದಿಗೆ ಕರೆದರು.

"ಪಾಪ, ಯಾರೋ ಅವಳಿಗೆ ತಪ್ಪು ಕಲಿಸಿದ್ದಾರೆ ಮಗಾ. ಬಸ್ಸು ಬರುವ ಮೊದಲು ನೀನು ಸರಿಯಾದ್ದು ಹೇಳಿಕೊಡು. ಬೇರೆ ಕಡೆ ಹೇಳಿದರೆ ಅವಳಿಗೇ ನಾಚಿಕೆ ಆಗ್ತದೆ."

ನಾನು ಹೂಂ ಎಂದೆ. ಬಸ್ಸು ಹೊರಟುಹೋಗುವವರೆಗೂ ಕಟ್ಟಿಗೆ ಕೊಟ್ಟಿಗೆಯ ಹಿಂದೆ ಅಡಗಿ ನಿಂತಿದ್ದೆ.