ಅರವತ್ತನಾಲ್ಕು ಬೈಟ್

ಟೇಲರ್ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಟಿಣ್ ಎಂದಿತು. ಅಪ್ಪ ಹೊಲಿಗೆ ಮೆಷಿನ್ ನಿಲ್ಲಿಸಿ, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಪರದೆಯ ಮೇಲೆ ಬಂದದ್ದನ್ನು ಜೋರಾಗಿ ಓದಿದ.

"ಕೋಟಿನ ಎಡತೋಳು ಗಿಡ್ಡ. ಆಮೇಲ"

ಅಷ್ಟೇ. ಮುಂದೆ ಏನೂ ಇಲ್ಲ. ಆದರೂ ಪಕ್ಕದಲ್ಲಿ ನಿಂತಿದ್ದ ಮಗಳ ಕಣ್ಣು ತುಂಬಿ ಬಂತು. ಮಹಡಿಯ ಮೇಲಿನ ಕೋಣೆಯಲ್ಲಿ ಅಮ್ಮ ಟೈಪ್ ಮಾಡಿದ್ದು ಕೆಳಗೆ ಅಂಗಡಿಗೆ ಬಂದಿತ್ತು. ಇದಕ್ಕಾಗಿ ಮಗಳು ಹದಿನೈದು ದಿನದಿಂದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕವನ್ನು ಅನ್ನದ ತಟ್ಟೆಯ ಪಕ್ಕದಲ್ಲೂ ಬಿಟ್ಟಿರಲಿಲ್ಲ.

ಮೂರು ತಿಂಗಳ ಹಿಂದೆ ಗಂಟಲಿನ ಆಪರೇಷನ್ ಆಗಿ ಅಮ್ಮನ ದನಿ ಹೋಗಿತ್ತು. ಅದಕ್ಕೆ ಮೊದಲು ಓಣಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ರೇಡಿಯೊ ಎಂದೇ. ಅಪ್ಪ ಕತ್ತರಿ ಹಾಕುವ ಮೊದಲೇ ಅವಳು ಮೆಟ್ಟಿಲ ಮೇಲಿಂದ ತಪ್ಪು ಹುಡುಕುತ್ತಿದ್ದಳು. "ದನಿ ಹೋಯ್ತು ಅಂತ ಮಾತೂ ಹೋಗೋಕೆ ಬಿಡಬೇಡಿ" ಎಂದು ಡಾಕ್ಟರ್ ಹೇಳಿದ್ದರು. ಅಪ್ಪ, ಮಗಳು ಸ್ಲೇಟು ತಂದುಕೊಟ್ಟರು. ಅದರಲ್ಲಿ ಅವಳು ಬರೆದದ್ದು ನಾಲ್ಕೇ ಮಾತು: ನೀರು, ಸಾಕು, ಬೇಡ, ಹೂಂ. ಬರಬರುತ್ತಾ ಅದೂ ನಿಂತು, ಗೋಡೆಯ ಕಡೆ ಮುಖ ಮಾಡಿ ಮಲಗುವುದು ಶುರುವಾಗಿತ್ತು. ಮನೆಯ ಇಬ್ಬರಿಗೂ ಒಳಗೊಳಗೇ ಭಯ ಹುಟ್ಟಿದ್ದು ಆಗಲೇ.

ಇವತ್ತು ಬೆಳಗ್ಗೆ ಮಗಳು ಮೊದಲು ಮೇಲೆ, ಅಮ್ಮನ ಕೋಣೆಯ ಕಂಪ್ಯೂಟರಿನ ಪ್ರೋಗ್ರಾಂ ಶುರು ಮಾಡಿಬಿಟ್ಟಿದ್ದಳು. ಕೂಡಲೇ ಪರದೆಯ ಮೇಲೆ 'ಸಂಪರ್ಕ ನಿರಾಕರಿಸಲಾಗಿದೆ' ಎಂದು ಬಂತು. "ಏನಿಲ್ಲ ಅಮ್ಮ, ಕೆಳಗಿನ ಸರ್ವರ್ ಮೊದಲು ಎದ್ದು, ಕಿವಿ ತೆರೆದು ಕೂತಿರಬೇಕು. ಆಗ್ಲೇ ಮೇಲಿಂದ ಕರೆದ್ರೆ ತಗೊಳ್ಳುತ್ತೆ. ಈಗ ಕೆಳಗೆ ಕೇಳಿಸಿಕೊಳ್ಳೋರು ಯಾರೂ ಇಲ್ಲ" ಎಂದು ವಿವರಿಸಿದಳು. ಅಮ್ಮ ಅಂಗಡಿಯ ಕಡೆ ಬೆರಳು ತೋರಿಸಿ, ಅದೇನು ಹೊಸ ವಿಷಯವಾ ಎಂಬಂತೆ ಹುಬ್ಬು ಹಾರಿಸಿದ್ದಳು. ಮೂರು ತಿಂಗಳಲ್ಲಿ ಅವಳು ಮಾಡಿದ ಮೊದಲ ತಮಾಷೆ ಅದು.

ಈಗ ಅಪ್ಪ ಪರದೆಯನ್ನೇ ದಿಟ್ಟಿಸುತ್ತಿದ್ದ. "ಅರ್ಧಕ್ಕೇ ನಿಂತಿದೆಯಲ್ಲೇ."

"ಸುಸ್ತಾಗಿರಬೇಕು ಬಿಡಪ್ಪ. ಇಷ್ಟು ಬರೆದಿದ್ದೇ ದೊಡ್ಡದು."

"ಇಪ್ಪತ್ತಾರು ವರ್ಷದಲ್ಲಿ ನಿಮ್ಮಮ್ಮ ಒಂದೇ ಒಂದು ಮಾತನ್ನ ಅರ್ಧಕ್ಕೆ ನಿಲ್ಲಿಸಿದವಳಲ್ಲ." ಅವನು ಕೊರಳಲ್ಲಿದ್ದ ಟೇಪನ್ನು ತೆಗೆದು, ಮಧ್ಯಾಹ್ನ ಮೇಲೆ ಇಸ್ತ್ರಿ ಮಾಡಿ ತಂದಿದ್ದ ಕೋಟಿನ ಎಡತೋಳಿಗೆ ಹಿಡಿದ. ಅರ್ಧ ಇಂಚು ಗಿಡ್ಡವಾಗಿತ್ತು. ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದವಳು ಅದನ್ನು ಯಾವಾಗ ನೋಡಿದಳೋ. "ಹೋಗಿ ನೋಡು. ನನಗ್ಯಾಕೋ ಸಮಾಧಾನ ಇಲ್ಲ."

ಮಗಳು ಮೆಟ್ಟಿಲು ಹತ್ತಿ ಬಾಗಿಲಲ್ಲೇ ನಿಂತಳು. ಅಮ್ಮ ದಿಂಬಿಗೆ ಒರಗಿ ಕೂತಿದ್ದಳು, ಕೆನ್ನೆ ಕೆಂಪಾಗಿತ್ತು. ಎದುರಿನ ಪರದೆಯ ತುಂಬ ಅಕ್ಷರ. ಕೋಟಿನ ಕಾಲರಿನ ತಪ್ಪಿನಿಂದ ಹಿಡಿದು, ಆಸ್ಪತ್ರೆಯಲ್ಲಿ ಅಪ್ಪ ಒಬ್ಬನೇ ಕಾರಿಡಾರಿನಲ್ಲಿ ಅತ್ತದ್ದು ತನಗೆ ಗೊತ್ತು ಎನ್ನುವವರೆಗೆ ಮಗಳ ಕಣ್ಣು ಓಡಿತು. ಅಷ್ಟರಲ್ಲಿ ಅಮ್ಮ ಅಂಗೈ ಅಡ್ಡ ಹಿಡಿದು ಮತ್ತೆ ಅಂಗಡಿಯ ಕಡೆ ಬೆರಳು ತೋರಿಸಿದಳು. ಇದು ನಿನಗಲ್ಲ, ಅವರಿಗೆ.

ಮಗಳು ಕೆಳಗಿಳಿದು ಬಂದು ಸರ್ವರ್ ಪ್ರೋಗ್ರಾಂ ತೆರೆದಳು. ತಪ್ಪು ಹುಡುಕುವುದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಬಂದ ಮಾತನ್ನು ತುಂಬಿಕೊಳ್ಳಲು ಅವಳೇ ಒಂದು ಜಾಗ ಇಟ್ಟಿದ್ದಳು: ಅರವತ್ತನಾಲ್ಕು ಬೈಟ್. ನಮ್ಮ ಲಿಪಿಯಲ್ಲಿ ಒಂದು ಅಕ್ಷರ ಮೂರು ಬೈಟ್ ನುಂಗುತ್ತದೆ, ಕೊಂಬು, ಒತ್ತು ಸೇರಿದರೆ ಇನ್ನೂ ಹೆಚ್ಚು. ಅಷ್ಟು ತುಂಬಿದ ಕೂಡಲೇ ಪ್ರೋಗ್ರಾಂ ಬಾಗಿಲು ಹಾಕಿಕೊಂಡಿತ್ತು. ಅಮ್ಮ ನಿಲ್ಲಿಸಿರಲಿಲ್ಲ.

"ಏನಾಗಿತ್ತೇ?"

"ನನ್ನದೇ ತಪ್ಪಪ್ಪ. ನೀರು, ಸಾಕು, ಬೇಡ ಅಂತ ಬರೀತಿದ್ದಳಲ್ಲ, ಅದನ್ನ ನೋಡಿ ಅಳತೆ ಇಟ್ಟೆ. ಅಮ್ಮನ ಹತ್ರ ಅಷ್ಟೇ ಉಳಿದಿದೆ ಅಂದ್ಕೊಂಡುಬಿಟ್ಟೆ."

ಅಪ್ಪ ಕೋಟಿನ ತೋಳನ್ನು ಒಳಮಗ್ಗುಲಿಗೆ ತಿರುಗಿಸಿ, ಅಂಚಿನಲ್ಲಿ ಮಡಿಸಿ ಬಿಟ್ಟಿದ್ದ ಬಟ್ಟೆಯನ್ನು ತೋರಿಸಿದ. "ಕಾಯಿಲೆ ಬಿದ್ದು ಎದ್ದವರ ಬಟ್ಟೆಗೆ ಒಳಗೆ ಜಾಸ್ತಿ ಬಿಟ್ಟಿರಬೇಕು ಕಣಮ್ಮ. ಮತ್ತೆ ಮೈ ತುಂಬ್ಕೊಳ್ತಾರೆ. ಬಿಡಿಸೋಕೆ ಬರಬೇಕು."

ಅವಳು ಅರವತ್ತನಾಲ್ಕನ್ನು ಅಳಿಸಿ ಸಾವಿರ ಎಂದು ಬರೆದಳು. ಮೇಲಿನ ಪರದೆ ನೆನಪಾಯಿತು. ಹತ್ತು ಸಾವಿರ ಮಾಡಿದಳು. ಕೊನೆಗೆ ಅದನ್ನೂ ಅಳಿಸಿ, ಲೆಕ್ಕ ಇಡುವುದನ್ನೇ ಬಿಟ್ಟು, ಬಂದಷ್ಟನ್ನೂ ಮತ್ತೆ ಮತ್ತೆ ತೆಗೆದುಕೊಳ್ಳುವ ಒಂದು ಲೂಪ್ ಬರೆದಳು. ಕಂಪೈಲ್ ಮಾಡಿ ಸರ್ವರ್ ಶುರು ಮಾಡಿ, ಮೆಟ್ಟಿಲ ಬುಡದಿಂದ ಕೂಗಿದಳು, "ಅಮ್ಮಾ, ಈಗ ಕಳಿಸು."

ಟಿಣ್ ಎಂದಿತು. ಒಂದು ಸಾಲು ಬಂತು, ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಅಪ್ಪ ಓದುತ್ತಾ ಹೋದ. ಈ ಸಲ ಜೋರಾಗಿ ಓದಲಿಲ್ಲ.

"ಎಷ್ಟು ಜಾಗ ಇಟ್ಟೆ?" ಎಂದ, ಪರದೆಯಿಂದ ಕಣ್ಣು ಕೀಳದೆ.

"ಎಷ್ಟೂ ಅಂತ ಇಡ್ಲಿಲ್ಲಪ್ಪ. ಆ ಕಡೆಯವರು ತಾವಾಗಿ ಮುಗಿಸೋವರೆಗೂ ಓದು ಅಂತ ಬರೆದಿದ್ದೀನಿ."

ಅಪ್ಪ ಸ್ಟೂಲನ್ನು ಪರದೆಯ ಮುಂದಕ್ಕೆ ಎಳೆದುಕೊಂಡು ಕೂತ. "ಹಾಗಾದ್ರೆ ಕೋಟಿನವರಿಗೆ ಫೋನ್ ಮಾಡು. ನಾಳೆ ಬರೋಕೆ ಹೇಳು."